ಸಹಾಯ ಬೇಕು: ಹಳೇ ಆಟೋಮ್ಯಾಟಿಕ್ ಕಾರು, ಬಿಸಿಯಾದ ಮೇಲೆ ಗೇರ್ ಜಾರುತ್ತಿದೆ

ಎಲ್ಲರಿಗೂ ನಮಸ್ಕಾರ. 2007ರ ಪೆಟ್ರೋಲ್ ಕಾರು, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ 4 ಸ್ಪೀಡ್ ಆಟೋಮ್ಯಾಟಿಕ್, 1.3 ಲಕ್ಷ ಕಿ.ಮೀ. ಓಡಿದೆ. ಬೆಳಗ್ಗೆ ತಣ್ಣಗಿದ್ದಾಗ ಬೆಣ್ಣೆ ಥರ ಹೋಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದರೆ ಶುರು ನೋಡಿ, 2ರಿಂದ 3ಕ್ಕೆ ಹೋಗುವಾಗ ಆರ್‌ಪಿಎಂ ಸುಮ್ನೆ 3,500ರ ತನಕ ಏರುತ್ತದೆ, ಗಾಡಿ ಮಾತ್ರ ಮುಂದೆ ಎಳೆಯುವುದಿಲ್ಲ, ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಧಡ್ ಅಂತ ಗೇರ್ ಬೀಳುತ್ತದೆ.

ಇಂಜಿನ್ ಬಿಸಿಯಿದ್ದಾಗ, ಆನ್‌ನಲ್ಲೇ ಇಟ್ಟು, ಗೇರ್‌ಬಾಕ್ಸ್ ಆಯಿಲ್ ಡಿಪ್‌ಸ್ಟಿಕ್ (ಅಳತೆ ಕಡ್ಡಿ) ತೆಗೆದು ಬಿಳಿ ಬಟ್ಟೆಗೆ ಒರೆಸಿ ನೋಡಿದೆ. ಲೆವೆಲ್ ಸರಿಯಿದೆ. ಆದರೆ ಕೆಂಪಗಿರಬೇಕಾದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಸ್ವಲ್ಪ ಸುಟ್ಟ ವಾಸನೆ. ಕಬ್ಬಿಣದ ಚೂರು ಕಾಣಲಿಲ್ಲ. ಸ್ಕ್ಯಾನರ್‌ನಲ್ಲಿ ಒಮ್ಮೆ ಪಿ0753 ಅನ್ನೋ ಎರರ್ ಕೋಡ್ ಬಂತು, ಅಂದರೆ ಶಿಫ್ಟ್ ಸೊಲೆನಾಯ್ಡ್ ಎ (ಗೇರ್ ಬದಲಿಸಲು ಆಯಿಲ್ ಹರಿವು ನಿಯಂತ್ರಿಸುವ ಕರೆಂಟ್ ವಾಲ್ವ್) ಕರೆಂಟ್ ದೋಷ. ಅಳಿಸಿದ ಮೇಲೆ ಮತ್ತೆ ಬಂದಿಲ್ಲ.

ಒಬ್ಬ ಮೆಕ್ಯಾನಿಕ್ ಗಾಡಿ ಓಡಿಸದೇನೇ ಗೇರ್‌ಬಾಕ್ಸ್ ಇಳಿಸಬೇಕು ಅಂದರು (ರೇಟು ಕೇಳಿ ತಲೆ ತಿರುಗಿತು). ಇನ್ನೊಬ್ಬರು, ಹಳೇ ಆಯಿಲ್ ಮುಟ್ಟಬೇಡಿ, ಬದಲಿಸಿದರೆ ಪೂರ್ತಿ ನಿಲ್ಲುತ್ತದೆ ಅಂತ ಹೆದರಿಸಿದರು.

ನನ್ನ ಯೋಚನೆ ಇದು: ಮೊದಲು ಸೊಲೆನಾಯ್ಡ್ ಕನೆಕ್ಟರ್ ಬಿಚ್ಚಿ ಓಮ್ಸ್ (ವಿದ್ಯುತ್ ರೋಧ) ಅಳೆಯುವುದು. ಸರಿಯಿದ್ದರೆ ಪ್ರೆಶರ್ ಹಾಕಿ ಫ್ಲಶ್ ಮಾಡಿಸದೆ ಬರೀ ಡ್ರೇನ್ ಮಾಡಿ ತುಂಬಿಸುವುದು, ಕನ್ವರ್ಟರ್‌ನಲ್ಲಿ ಹಳೆಯದು ಉಳಿಯುತ್ತದಲ್ವಾ, ಅದಕ್ಕೆ ವಾರ ಬಿಟ್ಟು ಇನ್ನೊಮ್ಮೆ. ಈ ಕ್ರಮ ಸರಿನಾ? ಬಿಸಿಯಾದಾಗ ಮಾತ್ರ ಜಾರುವುದು ಅಂದರೆ ಕ್ಲಚ್ ಪ್ಲೇಟೇ ಸವೆದಿದೆ ಅಂತಲಾ? ಯಾರಾದರೂ ಇದೇ ಪಾಡು ಪಟ್ಟಿದ್ದರೆ ಹೇಳಿ. ಬೆಂಗಳೂರು ದಕ್ಷಿಣದ ಕಡೆ ಹಳೇ ಆಟೋಮ್ಯಾಟಿಕ್ ಗೊತ್ತಿರುವ ಗ್ಯಾರೇಜ್ ಇದ್ದರೂ ತಿಳಿಸಿ. ಮುಂದಿನ ತಿಂಗಳು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಈ ಸ್ಥಿತಿಯಲ್ಲಿ ಧೈರ್ಯ ಬರುತ್ತಿಲ್ಲ.