ತುರ್ತು: ‘ಇಂಟಿಗ್ರೇಟೆಡ್ ಆಂಪ್ಲಿಫೈಯರ್’ಗೆ ಫಲಕದಲ್ಲಿ ಏನು ಬರೆಯುವುದು?

ಹಂಪನಕಟ್ಟೆಯಿಂದ:

ಬಳಗದವರಿಗೆ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ನಾಲ್ಕು ಫಲಕ ಅಚ್ಚಿಗೆ ಹೋಗಬೇಕು, ಪದ ಸಿಕ್ಕುತ್ತಿಲ್ಲ. ಹಳೆಯ ಸಣ್ಣ ಸ್ಟೀರಿಯೊ ಆಂಪ್ಲಿಫೈಯರುಗಳನ್ನು ಒಂದೇ ಜೋಡಿ ಸ್ಪೀಕರಿಗೆ ಒಂದಾದ ಮೇಲೊಂದು ಜೋಡಿಸಿ ಕೇಳಿಸುವ ಕಾರ್ಯಕ್ರಮ. ಮೇಜಿನ ಮೇಲೆ ಮೂರು ಇರುತ್ತವೆ: 1978ರಲ್ಲಿ ಬಂದ ನ್ಯಾಡ್ 3020, 1983ರ ನೈಮ್ ನೇಟ್, ಜಪಾನಿನ ಪೇಟೆಗೆಂದೇ ಮಾಡಿದ 100 ವೋಲ್ಟಿನ ಒಂದು ಯಮಾಹಾ. ನಾಲ್ಕನೆಯದು ಎಚ್ಚರಿಕೆಯ ಫಲಕ.

ಕರಡಿನಲ್ಲಿ ಈಗ ‘ಸಮಗ್ರ ಧ್ವನಿವರ್ಧಕ’ ಎಂದಿದೆ. ಬಂದ ಸಂಕೇತವನ್ನು ಆಯ್ದು ಸಜ್ಜುಮಾಡುವ ಪ್ರೀ ಆಂಪ್ಲಿಫೈಯರಿಗೆ ‘ಪೂರ್ವವರ್ಧಕ’, ಸ್ಪೀಕರನ್ನು ಓಡಿಸುವ ಪವರ್ ಆಂಪ್ಲಿಫೈಯರಿಗೆ ‘ಶಕ್ತಿವರ್ಧಕ’. ‘ವಿಂಟೇಜ್’, ‘ಸಾಫ್ಟ್ ಕ್ಲಿಪ್ಪಿಂಗ್’, ‘ಲೌಡ್‌ನೆಸ್’ ಮೂರಕ್ಕೂ ಜಾಗ ಖಾಲಿ ಬಿಟ್ಟಿದ್ದೇನೆ. ಶೀರ್ಷಿಕೆಯ ಸಾಲಿನಲ್ಲಿ ಎರಡು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಮಣಿಪಾಲದಿಂದ:

‘ಧ್ವನಿವರ್ಧಕ’ವನ್ನು ಮೊದಲು ತೆಗೆಯಿರಿ. ಆ ಪದ ಲೌಡ್‌ಸ್ಪೀಕರಿನ ಪಾಲಾಗಿ ಬಹಳ ಕಾಲವಾಯಿತು. ಯಕ್ಷಗಾನಕ್ಕೋ ಕೋಲಕ್ಕೋ ಠಾಣೆಗೆ ಅರ್ಜಿ ಬರೆಯುವಾಗ ‘ಧ್ವನಿವರ್ಧಕ ಬಳಸಲು ಅನುಮತಿ’ ಎಂದರೆ ಕಂಬಕ್ಕೆ ಕಟ್ಟುವ ಹಾರ್ನು. ಪಕ್ಕದಲ್ಲೇ ಸ್ಪೀಕರು ಇಟ್ಟುಕೊಂಡು ಆಂಪ್ಲಿಫೈಯರಿಗೆ ಆ ಚೀಟಿ ಅಂಟಿಸಿದರೆ ಜನ ಯಾವುದನ್ನು ನೋಡಬೇಕು?

‘ಸಮಗ್ರ’ವೂ ಆಗದು. ಇಂಟಿಗ್ರೇಟೆಡ್ ಸರ್ಕ್ಯೂಟಿಗೆ ಸಮಗ್ರ, ಸಂಯೋಜಿತ ಎಂದೆಲ್ಲ ಈಗಾಗಲೇ ಬರೆಯುತ್ತಾರೆ. ಓದಿದವರು ಒಳಗೆ ಚಿಪ್ ಇದೆ ಎಂದುಕೊಳ್ಳುತ್ತಾರೆ. 3020 ಸ್ಪೀಕರನ್ನು ಓಡಿಸುವುದು ಬಿಡಿ ಟ್ರಾನ್ಸಿಸ್ಟರುಗಳಿಂದ. ಇಲ್ಲಿ ಇಂಟಿಗ್ರೇಟೆಡ್ ಎಂದರೆ ಪ್ರೀ ಮತ್ತು ಪವರ್ ಒಂದೇ ಡಬ್ಬದಲ್ಲಿ, ಅಷ್ಟೇ. ಟ್ಯೂನರೂ ಸೇರಿದರೆ ಅದು ರಿಸೀವರ್.

‘ಶಕ್ತಿವರ್ಧಕ’ ಟಾನಿಕ್ ಬಾಟಲಿಯ ಮೇಲಿರುವ ಪದ. ಹೆಚ್ಚು ಹೇಳುವುದಿಲ್ಲ.

ಕಲ್ಸಂಕದಿಂದ:

ಮಣಿಪಾಲದವರು ‘ವರ್ಧಕ’ವನ್ನು ಮುಟ್ಟದೆ ಬಿಟ್ಟದ್ದು ಆಶ್ಚರ್ಯ. ಸಂಸ್ಕೃತದಲ್ಲಿ ಬೆಳೆಯುವ ‘ವೃಧ್’ ಬೇರೆ, ‘ವರ್ಧ ಛೇದನಪೂರಣಯೋಃ’ ಎಂಬ ಧಾತು ಬೇರೆ. ಎರಡನೆಯದಕ್ಕೆ ಕತ್ತರಿಸುವುದು, ತುಂಬುವುದು ಎಂದು ಅರ್ಥ. ವರ್ಧಕಿ ಎಂದರೆ ಮರ ಕೊಯ್ಯುವವನು. ಅದರ ತದ್ಭವವೇ ನಮ್ಮ ಬಡಗಿ. ಹಾಗಾಗಿ ‘ವರ್ಧಕ’ ಎಂದ ಕೂಡಲೇ ನನಗೆ ಗರಗಸ ಕೇಳಿಸುತ್ತದೆ.

ಅತ್ತ ಲ್ಯಾಟಿನ್ನಿನ ‘ಆಂಪ್ಲುಸ್’ ಎಂದರೆ ದೊಡ್ಡದು, ‘ಫಾಕೆರೆ’ ಎಂದರೆ ಮಾಡು. ನಮ್ಮೂರಲ್ಲಿ ಯಾರೂ ‘ಧ್ವನಿ ವರ್ಧಿಸಿ’ ಎನ್ನುವುದಿಲ್ಲ, ‘ಸೌಂಡ್ ಸ್ವಲ್ಪ ದೊಡ್ಡದು ಮಾಡಿ’ ಎನ್ನುತ್ತಾರೆ. ಮೂಲದ ಅರ್ಥ ಚಾಚೂ ತಪ್ಪದೆ ಇಲ್ಲಿಯ ಬಾಯಲ್ಲೇ ಉಂಟು.

ಸುರತ್ಕಲ್‌ನಿಂದ:

ಕತ್ತರಿಸುವ ಧಾತುವಾದರೆ ಒಳ್ಳೆಯದೇ ಆಯಿತು. ಕ್ಲಿಪ್ ಆಗುವುದು, ಅಂದರೆ ಮಿತಿ ಮೀರಿ ಅಲೆ ತುಂಡಾಗುವುದು, ಆಂಪ್ಲಿಫೈಯರಿನ ಹುಟ್ಟುಗುಣ ಎಂದು ಬರೆದುಬಿಡಿ.

ಪ್ರಶ್ನೆಗೆ ಬರೋಣ. 3020ರ ಹಿಂಬದಿ ನೋಡಿ. ಪ್ರೀ ಔಟ್, ನಾರ್ಮಲ್ ಇನ್ ಎಂಬ ಸಾಕೆಟ್ಟುಗಳ ನಡುವೆ ‘ಯು’ ಆಕಾರದ ಲೋಹದ ತುಂಡುಗಳು ಸಿಕ್ಕಿಸಿರುತ್ತವೆ. ಅವನ್ನು ಕಿತ್ತರೆ ಒಂದೇ ಡಬ್ಬದಲ್ಲಿ ಎರಡು ಬೇರೆ ಬೇರೆ ಆಂಪ್ಲಿಫೈಯರುಗಳು. ತುಂಡು ಕಳೆದುಹೋದ ಸೆಟ್ಟಿನಲ್ಲಿ ದೀಪ ಉರಿಯುತ್ತದೆ, ಸ್ವರ ಬರುವುದಿಲ್ಲ. ಸತ್ತಿದೆ ಎಂದು ಅಗ್ಗಕ್ಕೆ ಮಾರುವವರೂ ಇದ್ದಾರೆ. ಅಲ್ಲಿ ಗಿಡ್ಡ ಆರ್‌ಸಿಎ ತಂತಿ ಹಾಕಿದರೂ ನಡೆಯುತ್ತದೆ. ನಮ್ಮ ಕರಾವಳಿಯ ಗಾಳಿಗೆ ಆ ತುಂಡುಗಳು ಕಪ್ಪಾಗಿ ಒಂದು ಕಡೆಯ ಸ್ವರ ಬಂದು ಹೋಗಿ ಮಾಡುತ್ತದೆ. ಮೊದಲು ಅವನ್ನು ತೆಗೆದು ಕಾಂಟ್ಯಾಕ್ಟ್ ಕ್ಲೀನರಿನಿಂದ ಒರೆಸಬೇಕು. ಆಮೇಲೆಯೂ ಹಾಗೇ ಇದ್ದರೆ ವಾಲ್ಯೂಮ್, ಸೆಲೆಕ್ಟರ್ ಸ್ವಿಚ್ಚುಗಳ ಕಡೆ ಕೈ ಹಾಕುವುದು.

ಎಂದ ಮೇಲೆ ‘ಇಂಟಿಗ್ರೇಟೆಡ್’ನಲ್ಲಿ ಮುಖ್ಯವಾದದ್ದು ಸಮಗ್ರತೆಯಲ್ಲ, ಕೂಡುವಿಕೆ. ‘ಕೂಡುವರ್ಧಕ’ ಎಂದು ಹಾಕಿ.

ಕದ್ರಿಯಿಂದ:

ಕನ್ನಡದ ಕೂಡು, ಸಂಸ್ಕೃತದ ವರ್ಧಕ. ಅರಿಸಮಾಸ. ಮಹಾಪ್ರಾಣ ಬೇರೆ. ‘ಹಿಗ್ಗಿಸುಕ’ ಎಂದು ಯಾಕೆ ಬೇಡ? ‘ಕೂಡುಹಿಗ್ಗಿಸುಕ’. ಪ್ರೀಗೆ ‘ಮುಂಹಿಗ್ಗಿಸುಕ’.

ಸುರತ್ಕಲ್‌ನಿಂದ:

ಫಲಕ ಓದುವವರು ಹಿಗ್ಗಲಿಕ್ಕಿಲ್ಲ.

ಮಣಿಪಾಲದಿಂದ:

ಅರಿಸಮಾಸದ ಮಾತು ಸಲ್ಲದು. ಕೂಡುವುದು + ವರ್ಧಕ, ಕೃದಂತ ಪೂರ್ವಪದ, ಸುಡುಗಾಡಿನ ಹಾಗೆ. ಇಂಥ ಗಮಕಸಮಾಸಕ್ಕೆ ಅರಿದೋಷ ತಟ್ಟುವುದಿಲ್ಲ. ‘ಕೂಡುಕುಟುಂಬ’ವನ್ನು ಕದ್ರಿಯವರು ಒಪ್ಪುತ್ತಾರಾದರೆ ಇದನ್ನೂ ಒಪ್ಪಬೇಕು.

ನನ್ನ ತಕರಾರು ಬೇರೆ. ಕೆಲವು ಇಂಟಿಗ್ರೇಟೆಡ್‌ಗಳಲ್ಲಿ ಪ್ರೀ ಎಂಬುದು ಬರೀ ಸೆಲೆಕ್ಟರ್ ಸ್ವಿಚ್ಚು ಮತ್ತು ವಾಲ್ಯೂಮ್ ಗುಂಡಿ. ಸಿಡಿಯ 2 ವೋಲ್ಟು ಧಾರಾಳ ಸಾಕಾಗುವುದರಿಂದ ನಡುವೆ ಹಿಗ್ಗಿಸುವ ಹಂತವೇ ಇರುವುದಿಲ್ಲ. ಅಲ್ಲಿ ಯಾವ ಎರಡು ವರ್ಧಕ ಕೂಡಿದವು? ಗ್ರಾಮಫೋನ್ ತಟ್ಟೆಯ ಮೇಲೆ ಓಡುವ ಮೂವಿಂಗ್ ಮ್ಯಾಗ್ನೆಟ್ ಪಿಕಪ್ಪಿನ 3ರಿಂದ 5 ಮಿಲಿವೋಲ್ಟನ್ನು 47 ಕಿಲೊ ಓಮಿನಲ್ಲಿ ಹಿಡಿದು ಏರಿಸುವ ಫೋನೊ ಹಂತ ಇದ್ದರೆ ಮಾತ್ರ ಪ್ರೀ ಎಂಬ ಹೆಸರಿಗೆ ಅರ್ಥ. ನಿಮ್ಮ ಮೇಜಿನಲ್ಲಿರುವ ಮೂರೂ ಫೋನೊ ಇರುವ ಕಾಲದವು, ಆದ್ದರಿಂದ ಈ ಸಲಕ್ಕೆ ನಡೆಯುತ್ತದೆ.

ಹಂಪನಕಟ್ಟೆಯಿಂದ:

ಉಳಿದ ಮೂರು ಪದಗಳನ್ನೂ ಯಾರಾದರೂ ಹೇಳಿ, ಮಾರಾಯ್ರೆ. ಲೌಡ್‌ನೆಸ್‌ಗೆ ‘ಗಟ್ಟಿದನಿ’ ಎಂದು ಹಾಕಲಾ?

ಸುರತ್ಕಲ್‌ನಿಂದ:

ಬೇಡ. ಯಮಾಹಾದಲ್ಲಿ ಆ ಗುಂಡಿ ತಿರುಗಿಸಿದರೆ ಸ್ವರ ಸಣ್ಣದಾಗುತ್ತದೆ. ‘ಫ್ಲ್ಯಾಟ್’ನಲ್ಲಿಟ್ಟು, ನೀವು ಕೇಳುವ ಅತಿ ದೊಡ್ಡ ಮಟ್ಟಕ್ಕೆ ವಾಲ್ಯೂಮ್ ಇಟ್ಟು, ಅಲ್ಲಿಂದ ಲೌಡ್‌ನೆಸ್ ಗುಂಡಿಯನ್ನು ಇಳಿಸುತ್ತಾ ಬರಬೇಕು. ಅದು ನಡುದನಿಯನ್ನು ಹೆಚ್ಚು ಇಳಿಸುತ್ತದೆ, ಮಂದ್ರವನ್ನೂ ತಾರವನ್ನೂ ಕಡಿಮೆ ಇಳಿಸುತ್ತದೆ. ಸಣ್ಣ ಸ್ವರದಲ್ಲಿ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳುವುದಿಲ್ಲ ಎಂಬುದಕ್ಕೆ ಆ ಪರಿಹಾರ. ‘ಗಟ್ಟಿದನಿ’ ಎಂದು ಬರೆದರೆ ನೋಡಲು ಬಂದವರು ಉಲ್ಟಾ ತಿರುಗಿಸುತ್ತಾರೆ. ‘ಸಣ್ಣ ಸ್ವರದ ಹೊಂದಿಕೆ’ ಎಂದು ಬರೆಯಿರಿ, ಇಲ್ಲವೇ ಗುಂಡಿಯ ಮೇಲಿರುವ ‘ಲೌಡ್‌ನೆಸ್’ ಹಾಗೇ ಇರಲಿ.

ಸಾಫ್ಟ್ ಕ್ಲಿಪ್ಪಿಂಗ್ ಸ್ವಿಚ್ಚು 3020ರ ಹಿಂದೆ ಇದೆ. 8 ಓಮಿಗೆ 20 ವಾಟಿನ ಸೆಟ್ಟು. ಮಿತಿ ಮೀರಿದಾಗ ಅಲೆಯ ನೆತ್ತಿ ಚಪ್ಪಟೆಯಾಗಿ ತುಂಡಾಗುತ್ತದೆ. ಸ್ವಿಚ್ಚು ಹಾಕಿದರೆ ತುಂಡಾಗುವ ಬದಲು ಮೂಲೆ ದುಂಡಾಗುತ್ತದೆ, ತಾರಸ್ವರದ ಸಣ್ಣ ಸ್ಪೀಕರಾದ ಟ್ವೀಟರಿಗೆ ಹೋಗುವ ಕರ್ಕಶ ಕಡಿಮೆ. ‘ನೆತ್ತಿ ದುಂಡಿಕೆ’ ಸಾಕು. ‘ಮೃದು ಛೇದನ’ ಎಂದು ಮಾತ್ರ ಬರೆಯಬೇಡಿ, ಆಪರೇಷನ್ ಥಿಯೇಟರಿನ ವಾಸನೆ ಬರುತ್ತದೆ.

ಕಲ್ಸಂಕದಿಂದ:

‘ವಿಂಟೇಜ್’ ದ್ರಾಕ್ಷಿಯ ಸುಗ್ಗಿಯಿಂದ ಬಂದದ್ದು, ಲ್ಯಾಟಿನ್ನಿನ ‘ವಿಂದೇಮಿಯ’. ವಯಸ್ಸಿನಿಂದ ಬೆಲೆ ಬಂತು ಎಂಬ ಅರ್ಥ ಆಮೇಲಿನದು. ‘ಪುರಾತನ’ ಎಂದರೆ ಬಾರ್ಕೂರಿನ ಶಾಸನ ನೆನಪಾಗುತ್ತದೆ. ‘ಹಳೇಕಾಲದ’ ಎಂದರೆ ಕೊಂಕು. ನಮ್ಮಲ್ಲಿ ಹಳೆ ಅಕ್ಕಿ, ಹಳೆ ಹುಣಸೆಹುಳಿ ಎನ್ನುವಾಗ ‘ಹಳೆ’ಗೆ ಗೌರವವೇ ಉಂಟು. ಬರೀ ‘ಹಳೆಯ’ ಎಂದು ಬರೆದು ಮುಂದೆ ಇಸವಿ ಹಾಕಿ.

ಕದ್ರಿಯಿಂದ:

ಇಷ್ಟೆಲ್ಲ ಮಾಡಿ ಕೊನೆಗೆ ‘ಆಂಪ್ಲಿಫೈಯರ್’ ಎಂದೇ ಬರೆಯುತ್ತೀರಿ. ಕಿಟೆಲ್‌ನಂಥ ನಿಘಂಟು ಅಚ್ಚಾದ ಊರು ಈ ಮಂಗಳೂರು. ಪದ ಕಟ್ಟುವ ಧೈರ್ಯ ಇಲ್ಲಿಯೇ ಇಲ್ಲದಿದ್ದರೆ ಮತ್ತೆಲ್ಲಿ?

ಸುರತ್ಕಲ್‌ನಿಂದ:

ಕಿಟೆಲ್ ನಿಘಂಟು 1894. ಹಿಗ್ಗಿಸುವ ವಾಲ್ವು ಬಂದದ್ದು 1906. ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮಣಿಪಾಲದಿಂದ:

ಚಾವಿ, ಜನೇಲು ಪೋರ್ಚುಗೀಸರದ್ದು, ಕುರ್ಚಿ ಅರಬ್ಬಿ, ಮೇಜೂ ಪೋರ್ಚುಗೀಸರದ್ದೇ. ಮೇಜಿನ ಮೇಲಿಟ್ಟ ಡಬ್ಬ ಮಾತ್ರ ಅಚ್ಚಗನ್ನಡ ಆಗಬೇಕೆಂಬ ಹಟ ಯಾಕೆ?

ಕಲ್ಸಂಕದಿಂದ:

ಮೇಜು ಪಾರಸಿ.

ಮಣಿಪಾಲದಿಂದ:

ಹಿಂದೂಸ್ತಾನಿಗೆ ಪಾರಸಿಯಿಂದ ಬಂದಿರಬಹುದು. ಗೋವೆಯ ಪಕ್ಕದಲ್ಲಿ ಕೂತ ನಮಗೆ ‘ಮೆಸ’ ಹತ್ತಿರವಲ್ಲವೇ?

ಕಲ್ಸಂಕದಿಂದ:

ದೂರ ಹತ್ತಿರದಿಂದ ವ್ಯುತ್ಪತ್ತಿ ತೀರ್ಮಾನವಾಗುವುದಿಲ್ಲ.

ಸುರತ್ಕಲ್‌ನಿಂದ:

ಮೇಜನ್ನು ಬಿಡಿ. ಎಚ್ಚರಿಕೆಯ ಫಲಕವನ್ನು ಯಾರೂ ಕೇಳಲಿಲ್ಲ, ನಿಜವಾಗಿ ಸುಡುವುದು ಅದೇ. 100 ವೋಲ್ಟಿನ ಯಮಾಹಾವನ್ನು 230ಕ್ಕೆ ಸಿಕ್ಕಿಸಿದರೆ 2.3 ಪಟ್ಟು, ಪುಣ್ಯವಿದ್ದರೆ ಫ್ಯೂಸು, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರು. ಅಂಗಡಿಯಲ್ಲಿ ವೋಲ್ಟೇಜು ಇಳಿಸುವ ‘ಸ್ಟೆಪ್ ಡೌನ್’ ಟ್ರಾನ್ಸ್‌ಫಾರ್ಮರು ಎಂದು ಕೇಳಿದರೆ ಸಾಮಾನ್ಯವಾಗಿ 110ರದ್ದು ಕೊಡುತ್ತಾರೆ. ನಮ್ಮ ಲೈನು 240 ಇದ್ದ ದಿನ ಅದು ಸುಮಾರು 115 ಕೊಡುತ್ತದೆ. ಒಳಗೆ 32 ವೋಲ್ಟಿರಬೇಕಾದ ಡಿಸಿ ಸರಬರಾಜು ಆಗ 36.8ಕ್ಕೆ ಏರುತ್ತದೆ, ಅಲ್ಲಿ 35 ವೋಲ್ಟಿನ ಕೆಪಾಸಿಟರು ಕೂತಿದ್ದರೆ ಉಬ್ಬಿತೆಂದೇ ಲೆಕ್ಕ. ಟ್ರಾನ್ಸ್‌ಫಾರ್ಮರನ್ನು 100ಕ್ಕೇ ಸುತ್ತಿಸಿ. ಹಿಂದೆ 120 ವಾಟ್ ಎಂದು ಬರೆದ ಸೆಟ್ಟಿಗೆ 300 ವಿಎ (ವೋಲ್ಟ್ ಆಂಪಿಯರ್) ತಾಳುವಂಥದ್ದು ಇರಲಿ.

ಫಲಕದಲ್ಲಿ ಟ್ರಾನ್ಸ್‌ಫಾರ್ಮರಿಗೆ ‘ಪರಿವರ್ತಕ’ ಎಂದು ಹಾಕಿದರೆ ಜನ ಹೊರಗಿನ ಮೆಸ್ಕಾಂ ವಿದ್ಯುತ್ ಕಂಬ ನೋಡುತ್ತಾರೆ. ‘100 ವೋಲ್ಟ್ ಮಾತ್ರ. ಗೋಡೆಯ ಪ್ಲಗ್ಗಿಗೆ ನೇರ ಹಾಕಬೇಡಿ’, ಮುಗಿಯಿತು.

ಇನ್ನೊಂದು. ಸ್ಪೀಕರು ಜೋಡಿಸುವ ಮೊದಲು ಮೂರರಿಂದಲೂ ಡಿಸಿ (ಏಕಮುಖ ವಿದ್ಯುತ್ತು) ಹೊರಗೆ ಸೋರುತ್ತಿದೆಯೇ ನೋಡಿ. ಹತ್ತು ನಿಮಿಷ ಬಿಸಿಯಾಗಲಿ, ವಾಲ್ಯೂಮ್ ಸೊನ್ನೆ, ಮೀಟರು ಡಿಸಿ ಮಿಲಿವೋಲ್ಟಿನಲ್ಲಿ, ಸ್ಪೀಕರ್ ಟರ್ಮಿನಲಿಗೆ. 50ರೊಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ಆ ಸೆಟ್ಟು ಪಕ್ಕಕ್ಕೆ. ಔಟ್‌ಪುಟ್ ಟ್ರಾನ್ಸಿಸ್ಟರು ಶಾರ್ಟಾಗಿ 30 ವೋಲ್ಟು ನೇರ ನುಗ್ಗಿದರೆ ಸ್ಪೀಕರಿನ 8 ಓಮಿನ ಕಾಯ್ಲಿಗೆ ನೂರಕ್ಕೂ ಹೆಚ್ಚು ವಾಟಿನ ಶಾಖ. ಸ್ವರಮಟ್ಟವನ್ನೂ ಕಿವಿಯಿಂದ ಹೊಂದಿಸಬೇಡಿ. 400 ಹರ್ಟ್ಸಿನ ಟೋನು ಹಾಕಿ, ಅದೇ ಮೀಟರಿನಿಂದ ಮೂರಕ್ಕೂ ಎಸಿ 1 ವೋಲ್ಟಿಗೆ, ನೂರಕ್ಕೊಂದರಷ್ಟು ವ್ಯತ್ಯಾಸದೊಳಗೆ ತನ್ನಿ. ಇಲ್ಲದಿದ್ದರೆ ಕೂದಲೆಳೆ ದೊಡ್ಡದಾಗಿ ಕೇಳಿದ್ದೇ ಎಲ್ಲರಿಗೂ ಚೆಂದ.

ಹಂಪನಕಟ್ಟೆಯಿಂದ:

ಅಚ್ಚಿಗೆ ಕೊಟ್ಟೆ. ಶೀರ್ಷಿಕೆ ‘ಕೂಡು ಆಂಪ್ಲಿಫೈಯರ್’, ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರೀ ಮತ್ತು ಪವರ್ ಒಂದೇ ಡಬ್ಬದಲ್ಲಿ’. ನೆತ್ತಿ ದುಂಡಿಕೆ ಉಳಿಯಿತು. ಲೌಡ್‌ನೆಸ್ ಹಾಗೇ. ಎಚ್ಚರಿಕೆ ಕೆಂಪಿನಲ್ಲಿ.

ಕದ್ರಿಯಿಂದ:

ಸ್ವರಸಂಧಿ ಮಾಡದೆ ‘ಕೂಡು ಆಂಪ್ಲಿ’ ಎಂದು ಬಿಡಿಸಿ ಬರೆದದ್ದು ಯಾಕೆ? ‘ಕೂಡಾಂಪ್ಲಿಫೈಯರ್’ ಆಗಬೇಕಿತ್ತು.