ಮನೆಯ ಗುಂಪಿನಲ್ಲಿ ಟೇಲರ್ ಸಾಹೇಬ

ಕಾಕಾ, ಬೆಳಿಗ್ಗೆ 7:12
ನನಗೆ ಬಂದದ್ದನ್ನು ಹಾಗೆಯೇ ಕಳಿಸುತ್ತಿದ್ದೇನೆ, ಎಲ್ಲರೂ ಓದಿರಿ: “ಸುರಪುರದ ಕೊನೆಯ ದೊರೆ ವೆಂಕಟಪ್ಪ ನಾಯಕನನ್ನು ಮಗನಂತೆ ಸಾಕಿದ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಮೆಡೋಸ್ ಟೇಲರ್, 1858ರಲ್ಲಿ ಅದೇ ಮಗನನ್ನು ಗಲ್ಲಿಗೇರಿಸಿದನು. ಈ ದ್ರೋಹಿಯ ಹೆಸರು ನಮ್ಮೂರ ಗುಡ್ಡದ ಮೇಲೆ ಇನ್ನೂ ಏಕಿರಬೇಕು?” ಆ ಗುಡ್ಡದ ಮೇಲಿರುವ ಅವನ ಬಂಗಲೆ ಟೇಲರ್ ಮಂಜಿಲಿನ ಹೆಸರು ಬದಲಾಗಬೇಕೆಂಬುದೇ ನನ್ನ ಅಭಿಪ್ರಾಯ.

ದೊಡ್ಡಪ್ಪ, ಬೆಳಿಗ್ಗೆ 8:05
ತಮ್ಮಾ, ಎರಡು ಸಾಲಿನಲ್ಲಿ ಎರಡು ತಪ್ಪುಗಳಿವೆ. ಟೇಲರ್ ಕಂಪನಿಯ ಸೈನ್ಯದವನಲ್ಲ, ನಿಜಾಮನ ಸೈನ್ಯದವನು. ರಾಜನನ್ನು ಯಾರೂ ಗಲ್ಲಿಗೇರಿಸಲೂ ಇಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತ ತಂದೆಯ ವ್ಯಾಪಾರ ಕುಸಿದಿದ್ದರಿಂದ ಹದಿನೈದನೆಯ ವಯಸ್ಸಿಗೇ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆ ಬಂದನು. ಅಲ್ಲಿ ಹೇಳಿದ್ದೊಂದು, ಇದ್ದದ್ದೊಂದು ಎಂದು ತಿಳಿದಾಗ ಬಂಧುವೊಬ್ಬರ ನೆರವಿನಿಂದ 1824ರಲ್ಲಿ ನಿಜಾಮನ ಸೈನ್ಯ ಸೇರಿದನು. ಕಂಪನಿಯ ಅಧಿಕಾರಿಗಳಿಗೆ ಇದ್ದ ಬಡ್ತಿಯ ದಾರಿ ಅವನಿಗೆ ಇರಲಿಲ್ಲ. ಭಾಷೆಗಳನ್ನು, ಕಾನೂನನ್ನು, ಭೂಮಾಪನವನ್ನು ತಾನೇ ಕಲಿತು, 1839ರಲ್ಲಿ ಠಗ್ಗರೆಂಬ ದಾರಿಗಳ್ಳರ ಕುರಿತ ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರು ಪಡೆದ ಮೇಲೆಯೇ, ಬಾಲಕ ರಾಜನ ಪರವಾಗಿ ಆಡಳಿತ ನೋಡಿಕೊಳ್ಳಲು ನಮ್ಮೂರಿಗೆ ಬಂದನು. ಸಾಲದಲ್ಲಿ ಮುಳುಗಿದ್ದ ಸಂಸ್ಥಾನದ ಲೆಕ್ಕಪತ್ರಗಳನ್ನು ಸರಿದಾರಿಗೆ ತಂದನು, ಬೋನಾಳ ಕೆರೆಯನ್ನು ಹಿಗ್ಗಿಸಿದನು. ಇಂದು ಪಕ್ಷಿಧಾಮವಾಗಿರುವ ಆ ಕೆರೆಯ ನೀರನ್ನು ಕುಡಿದ ಊರುಗಳು ಅವನನ್ನು ಇಷ್ಟು ಹಗುರವಾಗಿ ದ್ರೋಹಿ ಎನ್ನಬಾರದು.

ಕಾಕಾ, ಬೆಳಿಗ್ಗೆ 8:31
ಅಣ್ಣಾ, ಸಂಬಳ ನಿಜಾಮನದಾದರೂ ಹುಕುಂ ಯಾರದು? ಆ ಸೈನ್ಯಕ್ಕೆ ಇಂಗ್ಲಿಷ್ ಅಧಿಕಾರಿಗಳನ್ನು ನೇಮಿಸುತ್ತಿದ್ದವನು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್, ಅಂದರೆ ನಿಜಾಮನ ದರ್ಬಾರಿನಲ್ಲಿದ್ದ ಕಂಪನಿ ಸರ್ಕಾರದ ಪ್ರತಿನಿಧಿ. ಟೇಲರನನ್ನು ಸುರಪುರಕ್ಕೆ ಕಳಿಸಿದವನೂ ರೆಸಿಡೆಂಟ್ ಫ್ರೇಸರನೇ. ಔರಂಗಜೇಬನೇ ಮುಪ್ಪಿನಲ್ಲಿ ಸ್ವತಃ ದಂಡೆತ್ತಿ ಬಂದು 1705ರಲ್ಲಿ ನಮ್ಮ ನಾಯಕರ ವಾಗಿನಗೇರಾ ಕೋಟೆಯನ್ನು ಹಿಡಿಯಬೇಕಾಯಿತು. ಅಂಥ ಬೇಡ ನಾಯಕರ ಮನೆತನದ ಮಗುವನ್ನು ಒಬ್ಬ ಪರದೇಶಿ ಕ್ಯಾಪ್ಟನ್ ಓದು ಬರಹ ಕಲಿಸಿ ಪಳಗಿಸಿದ್ದನ್ನು ಉಪಕಾರವೆಂದು ನಾನು ಎಣಿಸಲಾರೆ.

ಸೋದರತ್ತೆ, ಬೆಳಿಗ್ಗೆ 9:20
ಇಬ್ಬರೂ ಸ್ವಲ್ಪ ತಾಳಿರಿ. ಅವರಿಬ್ಬರ ನಡುವೆ ಪ್ರೀತಿ ಇತ್ತೆಂಬುದನ್ನು ನಾನು ಒಪ್ಪುತ್ತೇನೆ. ಟೇಲರ್ ಬಂದಾಗ ಏಳೆಂಟು ವರ್ಷದವನಿದ್ದ ವೆಂಕಟಪ್ಪ ಅವನನ್ನು “ಅಪ್ಪ” ಎಂದೇ ಕರೆಯುತ್ತಿದ್ದನು. 1844ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಆ ಮನುಷ್ಯನಿಗೂ ಆ ಕರೆ ಬರಿಯ ಮರ್ಯಾದೆಯ ಮಾತಾಗಿ ಕೇಳಿಸಿರಲಾರದು. ಆದರೆ ತಾಯಿ ರಾಣಿ ಈಶ್ವರಮ್ಮನನ್ನು ಅವನ ಬರಹದಲ್ಲಿ ನೋಡಿರಿ: ಆಕೆ ಬರಿಯ ಹಟಮಾರಿ, ಒಳಸಂಚುಗಾರ್ತಿ. ಗಂಡನ ಸಾವಿನ ನಂತರ ಸಂಸ್ಥಾನವನ್ನು ಕೈಯಲ್ಲಿಟ್ಟುಕೊಳ್ಳಲು ಹೆಣಗಿದ ಹೆಣ್ಣು ತನ್ನ ಕಥೆಯನ್ನು ಬರೆದಿಡಲಿಲ್ಲ, ಅವನು ಬರೆದಿಟ್ಟನು. ಈ ಗುಂಪಿನಲ್ಲಿ ಅಣ್ಣ ಹೇಳುವುದೂ ತಮ್ಮ ಹೇಳುವುದೂ ಬಹುಪಾಲು ಅವನೊಬ್ಬನ ಪುಸ್ತಕದಿಂದಲೇ ಬಂದದ್ದು.

ದೊಡ್ಡಪ್ಪ, ಬೆಳಿಗ್ಗೆ 9:42
ಅದನ್ನು ಒಪ್ಪುತ್ತೇನೆ, ತಂಗಿ. ಆದರೂ ಜೇವರ್ಗಿಯ ಬಳಿಯ ಶಿಲಾಸಮಾಧಿಗಳನ್ನು ಅಗೆದು ಪದರ ಪದರವಾಗಿ ಚಿತ್ರ ಬರೆದಿಟ್ಟವನು, ರಾಜನಕೋಳೂರಿನ ಕಲ್ಮನೆಗಳನ್ನು, ಅಂದರೆ ಪ್ರಾಚೀನ ಕಲ್ಲುಚಪ್ಪಡಿ ಗೋರಿಗಳನ್ನು, ವಿದ್ವಾಂಸರಿಗೆ ತಿಳಿಸಿದವನು, 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ದೇಗುಲಗಳ ಛಾಯಾಚಿತ್ರಗಳ ಸಂಪುಟಕ್ಕೆ ಇತಿಹಾಸ ಬರೆದವನು ಇವನೇ ಎಂಬುದನ್ನು ಮರೆಯಬೇಡಿರಿ. ಬಂದೂಕು ಹಿಡಿದು ಬಂದವರಲ್ಲಿ ನಮ್ಮ ನೆಲವನ್ನು ಇಷ್ಟು ಆಸ್ಥೆಯಿಂದ ನೋಡಿದವರು ಬಹಳ ಮಂದಿ ಇರಲಿಲ್ಲ.

ನಾನು, ಬೆಳಿಗ್ಗೆ 10:15
ದೊಡ್ಡಪ್ಪಾ, ಕಾಕಾ, ಕೆರೆ, ಕಲ್ಮನೆ ಮತ್ತು ಸಂಬಳದ ಮಾತನ್ನು ಬದಿಗಿಟ್ಟು 1858ರಲ್ಲಿ ಸೆರೆಮನೆಯಲ್ಲಿ ಟೇಲರ್ ರಾಜನನ್ನು ಕಂಡ ಆ ಭೇಟಿಯ ಬಗ್ಗೆ ಮಾತಾಡೋಣ ಎಂದು ಕೇಳಿಕೊಳ್ಳುತ್ತೇನೆ. ನನಗೆ ಓದಿದಾಗಲೆಲ್ಲ ಸಂಕಟವಾಗುವುದು ಅಲ್ಲಿಯೇ.

1853ರಲ್ಲಿ ರಾಜ ಪ್ರಾಪ್ತ ವಯಸ್ಕನಾದಾಗ ಟೇಲರ್ ಆಡಳಿತವನ್ನು ಒಪ್ಪಿಸಿ ನಳದುರ್ಗಕ್ಕೆ ಹೋದನು, ಅಲ್ಲಿಂದ 1857ರಲ್ಲಿ ಬೀರಾರಿಗೆ. 1858ರ ಫೆಬ್ರವರಿಯಲ್ಲಿ ಸುರಪುರ ಇಂಗ್ಲಿಷರ ವಿರುದ್ಧ ಕಾದಾಡಿದಾಗ ಅವನು ಇಲ್ಲಿ ಇರಲೇ ಇಲ್ಲ. ಆ ಕಾಳಗದಲ್ಲಿ ಇಂಗ್ಲಿಷ್ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಮತ್ತಷ್ಟು ಸೈನ್ಯ ಬರುತ್ತಿದೆ ಎಂದು ತಿಳಿದ ರಾಜ ಹೈದರಾಬಾದಿಗೆ ಹೋದನು. ಅಲ್ಲಿ ಸಿಕ್ಕಿಬಿದ್ದವನನ್ನು ದಿವಾನ ಸಾಲಾರ್ ಜಂಗ್ ರೆಸಿಡೆಂಟನಿಗೆ ಒಪ್ಪಿಸಿದನು. ಟೇಲರ್ ಅವನನ್ನು ಕಂಡದ್ದು ಆಮೇಲೆ, ಸೆರೆಯಲ್ಲಿ. ಅವನ ಆತ್ಮಕಥೆ 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಮಗಳ ಸಂಪಾದಕತ್ವದಲ್ಲಿ ಬಂತು. ಅದರಲ್ಲಿರುವ ವಿವರದಂತೆ, ದಂಗೆಗೆ ಪ್ರಚೋದಿಸಿದವರು ಯಾರೆಂದು ಅವನು ರಾಜನನ್ನು ಕೇಳಿದನು, ರಾಜ ಹೆಸರು ಹೇಳಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬಾರದು, ಫಿರಂಗಿಯ ಬಾಯಿಗೆ ಕಟ್ಟಿದರೂ ತಾನು ಹಿಂಜರಿಯುವುದಿಲ್ಲ ಎಂಬುದು ರಾಜ ಬೇಡಿದ ಒಂದೇ ಉಪಕಾರ. ಸೆರೆವಾಸದ ಮಾತು ಬಂದಾಗ, ಬೇಡರಲ್ಲಿ ಅತಿ ಬಡವನೂ ಸೆರೆಯಲ್ಲಿ ಬದುಕಲಾರ, ರಾಜನಾದ ತಾನು ಬದುಕುವುದೆಂತು ಎಂದನಂತೆ.

ಮುಂದಿನದನ್ನು ದೊಡ್ಡಪ್ಪ ಬಲ್ಲರು: ಮರಣದಂಡನೆಯನ್ನು ರೆಸಿಡೆಂಟ್ ಆಜೀವ ಕರಿನೀರಿಗೆ ಇಳಿಸಿದನು, ಗವರ್ನರ್ ಜನರಲ್ ಅದನ್ನೂ ನಾಲ್ಕು ವರ್ಷದ ಸೆರೆಗೆ ಇಳಿಸಿದನು, ಆದರೆ ಮದರಾಸಿನ ಕಡೆಯ ಕೋಟೆಗೆ ಒಯ್ಯುವ ದಾರಿಯಲ್ಲಿ, ಮೊದಲ ತಂಗುದಾಣದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಇಪ್ಪತ್ನಾಲ್ಕರ ಪ್ರಾಯದ ಆ ರಾಜ ಗುಂಡಿಗೆ ಬಲಿಯಾದನು. ತಾನೇ ಹೊಡೆದುಕೊಂಡನೆಂಬುದು ಅವರ ಬರಹ, ನಮ್ಮೂರಿನಲ್ಲಿ ಅದನ್ನು ನಂಬದವರೂ ಇದ್ದಾರೆ.

ನನ್ನ ಮಾತು ಇಷ್ಟೇ. ಶಿಕ್ಷೆಯನ್ನು ಇಳಿಸಲು ಟೇಲರ್ ಮನಸಾರೆ ಹೋರಾಡಿದನೆಂದು ನಾನು ನಂಬುತ್ತೇನೆ. ಆದರೆ ಬೇರೆ ಯಾರು ಕೇಳಿದರೂ ಹೇಳದ ಹುಡುಗ “ಅಪ್ಪ” ಕೇಳಿದರೆ ಹೇಳಿಯಾನು ಎಂಬ ಲೆಕ್ಕದಲ್ಲಿಯೇ ಸರ್ಕಾರ ಆ ಹೊತ್ತಿನಲ್ಲಿ ಅವನನ್ನು ಆ ಕೋಣೆಗೆ ಬಿಟ್ಟದ್ದೆಂದು ನನಗೆ ತೋರುತ್ತದೆ. ಅವನು ಆ ಕೆಲಸ ತನ್ನಿಂದಾಗದು ಎನ್ನಲಿಲ್ಲ. ಪ್ರೀತಿ ನಿಜವಾಗಿದ್ದುದರಿಂದಲೇ ಅದು ಸರ್ಕಾರಕ್ಕೆ ಉಪಯೋಗಕ್ಕೆ ಬಂತು. ಕಾಕಾ ಹೇಳುವಂತೆ ಅವನು ಕೊಂದವನಲ್ಲ, ದೊಡ್ಡಪ್ಪ ಹೇಳುವಂತೆ ಬರಿಯ ಹಿತೈಷಿಯೂ ಅಲ್ಲ.

ದೊಡ್ಡಪ್ಪ, ಬೆಳಿಗ್ಗೆ 11:03
ಮಗಳೇ, ಆ ಪ್ರಶ್ನೆಯನ್ನು ಅವನು ಕೇಳದಿದ್ದರೆ ಬೇರೆ ಅಧಿಕಾರಿ ಇನ್ನೂ ಕಠೋರವಾಗಿ ಕೇಳುತ್ತಿದ್ದನು. ಹೆಸರು ಸಿಕ್ಕಿದ್ದರೆ ರಾಜನ ಶಿಕ್ಷೆ ಇನ್ನೂ ಇಳಿಯುತ್ತಿತ್ತೆಂಬ ಆಸೆ ಅವನಿಗೆ ಇದ್ದಿರಬಹುದು.

ನಾನು, ಬೆಳಿಗ್ಗೆ 11:10
ಇದ್ದಿರಬಹುದು, ದೊಡ್ಡಪ್ಪಾ. ಆದರೆ ಆ ಆಸೆಗೆ ತೆರಬೇಕಾಗಿದ್ದ ಬೆಲೆ ಮತ್ತೊಬ್ಬರ ಕೊರಳು ಎಂಬುದು ರಾಜನಿಗೆ ಗೊತ್ತಿತ್ತು, ಟೇಲರನಿಗೂ ಗೊತ್ತಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ, ಹಾಗೆಯೇ ದಂಗೆಯೆದ್ದ ನರಗುಂದದ ದೊರೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1860ರ ಒಪ್ಪಂದದಲ್ಲಿ ಇದೇ ಸುರಪುರವನ್ನು ನಿಜಾಮನ ನಿಷ್ಠೆಗೆ ಮೆಚ್ಚಿ ಅವನಿಗೆ ಕೊಟ್ಟುಬಿಟ್ಟರು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ಭಾರತವನ್ನು ಬಿಟ್ಟನು. ಹನ್ನೆರಡು ವರ್ಷ ದುಡಿದು ಒಬ್ಬ ಬಾಲಕನಿಗಾಗಿ ಉಳಿಸಿದ ಸಂಸ್ಥಾನ ಬಹುಮಾನದ ಪೊಟ್ಟಣವಾಯಿತು.

ಸೋದರತ್ತೆ, ಬೆಳಿಗ್ಗೆ 11:26
ಹೆಸರು ಹೇಳದ ರಾಜನ ಬಗ್ಗೆ ಈ ಗುಂಪಿನಲ್ಲಿ ಯಾರೂ ಇಷ್ಟು ಹೊತ್ತು ಮಾತಾಡಿರಲಿಲ್ಲ. ನಾವು ಬೆಳಗಿನಿಂದ ಟೇಲರನನ್ನೇ ತೂಗುತ್ತಿದ್ದೆವು.

ಕಾಕಾ, ಬೆಳಿಗ್ಗೆ 11:48
“ಗಲ್ಲಿಗೇರಿಸಿದನು” ಎಂಬುದನ್ನೂ “ಕಂಪನಿಯ ಸೇನಾಧಿಕಾರಿ” ಎಂಬುದನ್ನೂ ತೆಗೆದು, ರಾಜ ಹೆಸರು ಹೇಳಲಿಲ್ಲ ಎಂಬ ಸಾಲನ್ನು ಸೇರಿಸಿ, ನನಗೆ ಕಳಿಸಿದವರಿಗೂ ತಿದ್ದುಪಡಿಯನ್ನು ಕಳಿಸುತ್ತೇನೆ. ಮಂಜಿಲಿನ ಹೆಸರಿನ ವಿಷಯದಲ್ಲಿ ಮಾತ್ರ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅಣ್ಣಾ.

ದೊಡ್ಡಪ್ಪ, ಬೆಳಿಗ್ಗೆ 11:55
ಕಳಿಸು. ಹೆಸರಿನ ವಿಷಯವನ್ನು ಊರಿಗೆ ಬಂದಾಗ ಆ ಗುಡ್ಡದ ಮೇಲೆಯೇ ಕೂತು ವಾದಿಸೋಣ.