ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ನಿಜವಾಗಿ ಎಷ್ಟು ಗಂಟೆ ಹಿಡಿಯುತ್ತೆ?

ವಿಜಯನಗರ_ಹುಡುಗ:
ಅಪ್ಪ ಅಮ್ಮ ಮೇ ತಿಂಗಳಲ್ಲಿ ಅಕ್ಕನ ಮನೆಗೆ, ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ಗೆ ಹೊರಟಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಒಂದು ಟಿಕೆಟ್‌ನಲ್ಲಿ ಮಂಗಳವಾರ ಬೆಳಗಿನ ಜಾವ 2ಕ್ಕೆ ಬೆಂಗಳೂರು ಬಿಟ್ಟು ಅದೇ ಮಂಗಳವಾರ ಬೆಳಿಗ್ಗೆ 11.30ಕ್ಕೆ ತಲುಪುತ್ತೆ ಅಂತಿದೆ. 14,000 ಕಿ.ಮೀ. ದೂರ ಒಂಬತ್ತೂವರೆ ಗಂಟೆಯಲ್ಲಿ ಹೇಗೆ? ವಾಪಸ್ ಬರೋದಕ್ಕೆ ನೋಡಿದರೆ ಸುಮಾರು ಒಂದೂವರೆ ದಿನ ತೋರಿಸುತ್ತಿದೆ. ಫ್ರಾಂಕ್‌ಫರ್ಟ್ ಮೂಲಕ ಒಳ್ಳೆಯದಾ, ಟೋಕಿಯೊ ಮೂಲಕವಾ? ಜಾಸ್ತಿ ಹೊತ್ತು ಕೂತರೆ ಅಮ್ಮನ ಕಾಲು ಊದಿಕೊಳ್ಳುತ್ತೆ, ನನ್ನ ಚಿಂತೆಯೆಲ್ಲ ಅದೇ.

ಹಾಸನ_ಗಿರಿ:
ಟಿಕೆಟ್‌ನಲ್ಲಿ ಇರೋದು ಆಯಾ ಊರಿನ ಗಡಿಯಾರದ ಸಮಯ. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 12.30 ಗಂಟೆ ಹಿಂದೆ, ಚಳಿಗಾಲದಲ್ಲಿ 13.30. ನೀವು ಹೇಳಿದ ಒಂಬತ್ತೂವರೆಗೆ ಹನ್ನೆರಡೂವರೆ ಕೂಡಿಸಿ, 22 ಗಂಟೆ ಆಯ್ತಲ್ವಾ? ನಡುವೆ ವಿಮಾನ ಬದಲಿಸುವ ಹೊತ್ತೂ ಅದರಲ್ಲೇ ಸೇರಿದೆ. ಬರುವಾಗ ಅದೇ ಹನ್ನೆರಡೂವರೆ ಕಳೆಯಿರಿ.

ನಕ್ಷೆ_ಪ್ರೇಮಿ:
14,000 ಅನ್ನೋದು ಭೂಮಿಯ ಮೇಲೆ ಅತಿ ಹತ್ತಿರದ ದಾರಿ. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರ ಧ್ರುವದ ಹತ್ತಿರವೇ ಹಾಯುತ್ತೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಬೋಯಿಂಗ್ 777 ತಂದಿದ್ದು ಧ್ರುವದ ಮೇಲಿಂದಲೇ, ಎಲ್ಲೂ ಇಳಿಯದೆ. ಆಗ ಬೆಂಗಳೂರಿನವರಿಗೆಲ್ಲ ಎಷ್ಟು ಹೆಮ್ಮೆ ಆಗಿತ್ತು!

ಒಂದು ಕಡೆ ಇಳಿದು ಹೋಗುವಾಗ ಲೆಕ್ಕ ಬದಲಾಗುತ್ತೆ. ಟೋಕಿಯೊ ಮೂಲಕ ಸುಮಾರು 14,900 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,500ರ ಹತ್ತಿರ. ಅದಕ್ಕಿಂತ ಮುಖ್ಯ ಗಾಳಿ. ಮೇಲೆ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಪೂರ್ವಕ್ಕೆ ಹೋಗುವ ವಿಮಾನವನ್ನು ಹಿಂದಿನಿಂದ ತಳ್ಳುತ್ತೆ. ಅದಕ್ಕೇ ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂಬತ್ತು ಗಂಟೆ ಚಿಲ್ಲರೆ ಸಾಕು, ಅದೇ ದಾರಿಯಲ್ಲಿ ವಾಪಸ್ ಬರೋದಕ್ಕೆ ಹನ್ನೊಂದರ ಹತ್ತಿರ ಬೇಕು. ಹೋಗುವಾಗ ಟೋಕಿಯೊ ಮೂಲಕ ಹಾರಾಟವೇ ಸುಮಾರು 17–18 ಗಂಟೆ, ಫ್ರಾಂಕ್‌ಫರ್ಟ್ ಮೂಲಕ 21ರ ಆಸುಪಾಸು.

ವಿಜಯನಗರ_ಹುಡುಗ:
ಹಾಗಾದರೆ ಬರುವಾಗ ಫ್ರಾಂಕ್‌ಫರ್ಟ್ ಮೂಲಕ ಬಂದರೆ ಆ ಕಡೆಯೂ ಗಾಳಿ ಅನುಕೂಲ, ಅಲ್ವಾ?

ನಕ್ಷೆ_ಪ್ರೇಮಿ:
ಹೌದು, ಆದರೆ ಉಳಿಯೋದು ಒಂದು ಗಂಟೆ, ಹೆಚ್ಚೆಂದರೆ ಎರಡು. ಹೋಗೋ ಬರೋ ಟಿಕೆಟ್ ಬೇರೆ ಬೇರೆ ಮಾಡಿಸಿದರೆ ದುಡ್ಡು ಜಾಸ್ತಿ ಆಗೋದೇ ಹೆಚ್ಚು. ಒಂದೇ ಟಿಕೆಟ್ ಇರಲಿ. ಬ್ಯಾಗ್‌ಗಳನ್ನು ಬೆಂಗಳೂರಲ್ಲೇ ಕೊನೆಯ ಊರಿನವರೆಗೆ ಹಾಕಿಸಬಹುದು.

ಕುಂದಾಪ್ರ_ಅಕ್ಕ:
ಅಮ್ಮನ ವಿಷಯಕ್ಕೆ ಬಂದರೆ ಕಿ.ಮೀ. ಬಿಡಿ, ಒಂದೇ ಸೀಟಿನಲ್ಲಿ ಒಂದೇ ಸಮನೆ ಎಷ್ಟು ಹೊತ್ತು ಅನ್ನೋದನ್ನ ನೋಡಿ. ಎಂಟು, ಒಂಬತ್ತು ಗಂಟೆಯ ಎರಡು ತುಂಡು ಅವರಿಗೆ ಹಗುರ. ನಡುವೆ ಮೂರು ಗಂಟೆಯಾದರೂ ಬಿಡುವಿರಲಿ, ವಯಸ್ಸಾದವರು ಸೆಕ್ಯೂರಿಟಿ ಸಾಲಲ್ಲಿ ನಿಂತು ಗೇಟ್ ಹುಡುಕುವಷ್ಟರಲ್ಲಿ ಒಂದೂವರೆ ಗಂಟೆ ಸುಮ್ನೆ ಹೋಗುತ್ತೆ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ, ಅಮ್ಮನಿಗೆ ನಡುದಾರಿ ಪಕ್ಕದ ಸೀಟು ಕೊಡಿಸಿ, ಆಗ ಯಾರನ್ನೂ ಎಬ್ಬಿಸದೆ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಕಾಲಿಗೆ ಬಿಗಿ ಸಾಕ್ಸ್ ಹಾಕಬಹುದಾ ಅಂತ ಹೊರಡೋ ಮೊದಲು ಅವರ ಡಾಕ್ಟರನ್ನೇ ಕೇಳಿ. ನನ್ನ ಮಟ್ಟಿಗೆ ಟೋಕಿಯೊ ದಾರಿಯೇ ಸರಿ.